ಬಾಖ್ ಮೇಷ್ಟರ ಮನೆ

ಸಂಗೀತದ ಮನೆಗಳಲ್ಲಿ ಹುಟ್ಟಿದ ಮಕ್ಕಳನ್ನು ಕಂಡಾಗಲೆಲ್ಲ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಸುಳಿಯುತ್ತದೆ. ಅಪ್ಪನೇ ಗುರುವಾದರೆ ಆ ಮಗುವಿಗೆ ಅಪ್ಪ ಸಿಗುವುದು ಯಾವ ಹೊತ್ತಿನಲ್ಲಿ? ಬೆಳಗಿನ ಜಾವ ಎಬ್ಬಿಸಿ ತಂಬೂರಿಯ ಮುಂದೆ ಕೂರಿಸುವವರೂ ಅವರೇ, ಅಪಸ್ವರ ಬಂದರೆ ಕಣ್ಣು ಕೆಂಪಗೆ ಮಾಡುವವರೂ ಅವರೇ, ಸಂಜೆ ಕೈಹಿಡಿದು ಪೇಟೆಗೆ ಕರೆದೊಯ್ಯಬೇಕಾದವರೂ ಅವರೇ. ಮೈಸೂರು, ಧಾರವಾಡದ ಕಡೆ ಇಂಥ ಮನೆಗಳ ಕಥೆಗಳು ಬೇಕಾದಷ್ಟು ಕೇಳಸಿಗುತ್ತವೆ. ಕೆಲವು ಮಕ್ಕಳು ಅಪ್ಪನ ಪಕ್ಕದಲ್ಲೇ ಕೂತು ಹಾಡಿ ದೊಡ್ಡವರಾದರು. ಕೆಲವರು ವಾದ್ಯವನ್ನು ಗೋಡೆಗೆ ಒರಗಿಸಿ ಬ್ಯಾಂಕು, ಶಾಲೆ, ಕಚೇರಿ ಅಂತ ಹೊರಟುಹೋದರು. ಹೋದವರ ಮನಸ್ಸಿನಲ್ಲಿ ಏನಿತ್ತು, ಉಳಿದವರ ಮನಸ್ಸಿನಲ್ಲಿ ಏನಿತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಜರ್ಮನಿಯ ಒಂದು ಮನೆಯ ಬಾಗಿಲಲ್ಲಿ. ಅದು ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರ ಮನೆ. ಬಾಖ್ ಎಂದಕೂಡಲೇ ಬಹಳ ಜನರಿಗೆ ನೆನಪಾಗುವುದು ಲೈಪ್‌ಜಿಗ್‌ನ ಚಿತ್ರಕಾರ ಹೌಸ್‌ಮನ್ 1746ರಲ್ಲಿ ಬರೆದ ಚಿತ್ರ. ಬಿಳಿಯ ಟೋಪಿಗೂದಲು, ತುಂಬಿದ ಕೆನ್ನೆ, ಬಿಗಿದ ತುಟಿ, ಕೈಯಲ್ಲಿ ಆರು ದನಿಗಳ ಒಂದು ಒಗಟಿನ ರಚನೆ ಬರೆದ ಕಾಗದ. ಆ ಮುಖ ನೋಡಿದರೆ ಮಕ್ಕಳು ತೊಡೆಯೇರುವ ಮನುಷ್ಯ ಇವರು ಅನ್ನಿಸುವುದೇ ಇಲ್ಲ. ಈ ಒಂದು ಚಿತ್ರದಿಂದ ಬಾಖ್ ಅವರಿಗೆ ಬಹಳ ಅನ್ಯಾಯವಾಗಿದೆ ಎಂಬುದು ನನ್ನ ಬಲವಾದ ಅಭಿಪ್ರಾಯ. ನಾವು ಅವರನ್ನು ಕಲ್ಲಿನ ಪ್ರತಿಮೆ ಮಾಡಿ ಪೀಠದ ಮೇಲೆ ನಿಲ್ಲಿಸಿದ್ದೇವೆ. ಅವರ ಕೃತಿಗಳ ಎದುರು ಕೈಕಟ್ಟಿ ನಿಲ್ಲುತ್ತೇವೆ. ಆದರೆ ಆ ಕೃತಿಗಳಲ್ಲಿ ಎಷ್ಟೋ ಹುಟ್ಟಿದ್ದು ಮನೆಯ ಹುಡುಗರಿಗೆ ಪಾಠ ಹೇಳಲಿಕ್ಕೆ.

ನನಗೆ ಬಾಖ್ ಅವರ ಎಲ್ಲ ಬರವಣಿಗೆಗಿಂತ ಹೆಚ್ಚು ಪ್ರೀತಿಯದು ಒಂದು ನೋಟುಬುಕ್ಕು. ಅದನ್ನು ಅವರು ಬರೆಯಲು ತೊಡಗಿದ್ದು 1720ರ ಜನವರಿ 22ರಂದು, ಕ್ಯೋಥೆನ್ ಎಂಬ ಸಣ್ಣ ರಾಜಧಾನಿಯಲ್ಲಿ. ಅಲ್ಲಿನ ರಾಜಕುಮಾರ ಲಿಯೊಪೋಲ್ಡ್‌ನ ಆಸ್ಥಾನದಲ್ಲಿ ಅವರು ಸಂಗೀತದ ಮುಖ್ಯಸ್ಥರು, ವಯಸ್ಸು 34. ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂಬತ್ತು ತುಂಬಿ ಎರಡು ತಿಂಗಳು. ನೋಟುಬುಕ್ಕು ಅವನ ಹೆಸರಿನದು. ಮೊದಲಿಗೆ ಸ್ವರಗಳ ಹೆಸರು, ಅವುಗಳನ್ನು ಗೆರೆಗಳ ಮೇಲೆ ಗುರುತಿಸುವ ಬಗೆ. ಆಮೇಲೆ ಅಲಂಕಾರಗಳ ಒಂದು ಪಟ್ಟಿ. ಈ ಚಿಹ್ನೆ ಕಂಡರೆ ಸ್ವರವನ್ನು ಹೀಗೆ ಅಲುಗಿಸಬೇಕು, ಆ ಚಿಹ್ನೆ ಕಂಡರೆ ಹೀಗೆ ಬಳಸಬೇಕು ಅಂತ ಬಿಡಿಸಿ ಬರೆದದ್ದು. ಅದರ ಹಿಂದೆಯೇ ಒಂದು ಪುಟ್ಟ ತುಣುಕು, ಪ್ರತಿ ಸ್ವರದ ನೆತ್ತಿಯ ಮೇಲೆ ಯಾವ ಬೆರಳು ಎಂದು ಅಂಕಿ. ಬಾಖ್ ತಮ್ಮ ಕೈಯಾರೆ ಬೆರಳುಗಳ ಗುರುತು ಹಾಕಿದ ರಚನೆಗಳು ಇಷ್ಟೆಲ್ಲ ಬರವಣಿಗೆಯಲ್ಲಿ ಬೆರಳೆಣಿಕೆಯಷ್ಟೇ, ಅದರಲ್ಲಿ ಇದೊಂದು. ಮಗನ ಕೈ ಚಿಕ್ಕದು, ಹೆಬ್ಬೆರಳು ಎಲ್ಲಿ ಬರಬೇಕೆಂದು ಅವನಿಗೆ ತಿಳಿಯದು, ಆದ್ದರಿಂದ ಬರೆದಿದ್ದಾರೆ. ಪುಟ ತಿರುವಿದಂತೆ ಕೆಲವೆಡೆ ಹುಡುಗನ ಅಕ್ಷರವೂ ಕಾಣಿಸಿಕೊಳ್ಳುತ್ತದೆ. ಅಪ್ಪ ಒಂದಿಷ್ಟು ಬರೆಯುವುದು, ಮಗ ಒಂದಿಷ್ಟು ಬರೆಯುವುದು. ಆ ಪುಸ್ತಕ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆ.

ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. ಪುರಂದರದಾಸರನ್ನು ಸಂಗೀತ ಪಿತಾಮಹ ಎಂದು ಕರೆಯುವುದು ಅವರ ಸಾವಿರಾರು ಪದಗಳಿಗಾಗಿ ಮಾತ್ರವೇನಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ ಎಂದು ಮಕ್ಕಳ ಪಾಠಕ್ಕೆ ಮೆಟ್ಟಿಲು ಕಟ್ಟಿಕೊಟ್ಟವರು ಅವರೇ ಎಂದು ಸಂಪ್ರದಾಯ ಹೇಳುತ್ತದೆ. ಅಷ್ಟು ದೊಡ್ಡವರು ಎಳೆಯ ನಾಲಿಗೆಗಾಗಿ ಸರಿಗಮ ಜೋಡಿಸಿದರಲ್ಲ, ಆ ಕಾರಣಕ್ಕೆ ನಮ್ಮಲ್ಲಿ ಅವರಿಗೆ ಪಿತಾಮಹನ ಸ್ಥಾನ. ಬಾಖ್ ಅವರದೂ ಅಂಥದೇ ಕೆಲಸ. ಒಂದು ವ್ಯತ್ಯಾಸವುಂಟು. ಸರಳೆ ವರಸೆಯನ್ನು ಯಾರೂ ಕಚೇರಿಯಲ್ಲಿ ಹಾಡುವುದಿಲ್ಲ. ಫ್ರೀಡೆಮಾನ್‌ನ ನೋಟುಬುಕ್ಕಿನ ಪಾಠಗಳನ್ನು ಲೋಕದ ದೊಡ್ಡ ದೊಡ್ಡ ಪಿಯಾನೊ ವಾದಕರು ಇಂದಿಗೂ ಕಚೇರಿಗಳಲ್ಲಿ ನುಡಿಸುತ್ತಾರೆ. ಎರಡು ದನಿಗಳ ಹದಿನೈದು, ಮೂರು ದನಿಗಳ ಹದಿನೈದು ಎಂದು ಈಗ ಎಲ್ಲರೂ ಬಲ್ಲ ‘ಇನ್ವೆನ್ಷನ್’ ಮತ್ತು ‘ಸಿನ್ಫೋನಿಯಾ’ಗಳ ಮೊದಲ ರೂಪ ಇರುವುದು ಈ ಪುಸ್ತಕದಲ್ಲಿ. 1723ರಲ್ಲಿ ಬಾಖ್ ಅವನ್ನು ತಿದ್ದಿ ಶುದ್ಧಪ್ರತಿ ಮಾಡಿ, ಮೊದಲ ಪುಟದಲ್ಲಿ ಉದ್ದೇಶವನ್ನೂ ಬರೆದರು: ಕಲಿಯುವವರು ಎರಡು ದನಿಗಳನ್ನು ತಿಳಿಯಾಗಿ ನುಡಿಸಬೇಕು, ಆಮೇಲೆ ಮೂರನ್ನು, ಜೊತೆಗೆ ಒಳ್ಳೆಯ ಕಲ್ಪನೆ ಹೊಳೆಯಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕೈ ಹಾಡುವಂತಾಗಬೇಕು. ಇದರಲ್ಲಿ ದೊಡ್ಡ ಮಾತು ಯಾವುದೂ ಇಲ್ಲ. ಪಾಠ ಹೇಳುವವರ ಸಾದಾ ಮಾತು.

ಈ ಮನುಷ್ಯ ಹುಟ್ಟಾ ಮೇಷ್ಟರೇನೂ ಆಗಿರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ಜೊತೆ ಅವರಿಗೆ ಒಂದು ದಿನವೂ ಹೊಂದಲಿಲ್ಲ. ಗೈಯರ್ಸ್‌ಬಾಖ್ ಎಂಬ ವಾದಕನನ್ನು ಅವರು ಹೀಯಾಳಿಸಿದ್ದಕ್ಕೆ, ಅವನು ಒಂದು ರಾತ್ರಿ ಬೀದಿಯಲ್ಲಿ ದೊಣ್ಣೆ ಹಿಡಿದು ಅಡ್ಡಗಟ್ಟಿದ. ಇವರು ಕತ್ತಿ ಹಿರಿದರು. 1705ರ ಮಾತು. ಅದೇ ವರ್ಷದ ಕೊನೆಗೆ ನಾಲ್ಕು ವಾರ ರಜೆ ಪಡೆದು ಹಿರಿಯ ಸಂಗೀತಗಾರ ಬುಕ್ಸ್‌ತೆಹೂಡ ಅವರನ್ನು ಕೇಳಲು ನಾನೂರು ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದರು, ಮರಳಿದ್ದು ಸುಮಾರು ನಾಲ್ಕು ತಿಂಗಳಾದ ಮೇಲೆ. ಕಲಿಯುವ ಹಸಿವು ಅಷ್ಟಿತ್ತು, ಕಲಿಸುವ ತಾಳ್ಮೆ ಇರಲಿಲ್ಲ. ಆಮೇಲಿನ ಊರುಗಳಲ್ಲಿ ಶಿಷ್ಯರು ಬಂದರು ನಿಜ. ಆದರೂ ಅಕ್ಷರಾಭ್ಯಾಸದಿಂದ ಹಿಡಿದು ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಆ ಸಹನೆ ಅವರಿಗೆ ಬಂದದ್ದು ತಮ್ಮ ಮಗನಿಗೆ ಕಲಿಸಲು ಕೂತಾಗ ಎಂದೇ ನನಗೆ ಅನ್ನಿಸುತ್ತದೆ.

ಅದಕ್ಕೆ ಇನ್ನೊಂದು ಕಾರಣವೂ ಇದ್ದೀತು. ಅವರಿಗೆ ಅಪ್ಪ ಸಿಕ್ಕಿದ್ದು ಸ್ವಲ್ಪವೇ ಕಾಲ. 1685ರಲ್ಲಿ ಐಸೆನಾಖ್‌ನಲ್ಲಿ ಹುಟ್ಟಿದ ಹುಡುಗ. ಒಂಬತ್ತನೆಯ ವಯಸ್ಸಿಗೆ ತಾಯಿ ತೀರಿಕೊಂಡಳು, ವರ್ಷ ತುಂಬುವ ಮೊದಲೇ ತಂದೆಯೂ ಹೋದರು. ಓರ್ಡ್ರುಫ್ ಎಂಬಲ್ಲಿ ಆರ್ಗನ್ ನುಡಿಸುತ್ತಿದ್ದ ಅಣ್ಣ ಕರೆದುಕೊಂಡು ಹೋಗಿ ಸಾಕಿದ, ಕೀಲಿಮಣೆ ಕಲಿಸಿದ. ಅಣ್ಣನ ಬಳಿ ದೊಡ್ಡ ಕೃತಿಗಳ ಒಂದು ಹಸ್ತಪ್ರತಿಯಿತ್ತು, ಹುಡುಗನಿಗೆ ಅದನ್ನು ಮುಟ್ಟುವ ಅನುಮತಿ ಇರಲಿಲ್ಲ. ಕಪಾಟಿನ ಜಾಲರಿಯೊಳಗೆ ಸಣ್ಣ ಕೈ ತೂರಿಸಿ, ಸುರುಳಿ ಮಾಡಿ ಹೊರಗೆಳೆದು, ಆರು ತಿಂಗಳು ಬೆಳದಿಂಗಳಲ್ಲಿ ಕೂತು ನಕಲು ಮಾಡಿಕೊಂಡ. ಅಣ್ಣನಿಗೆ ಗೊತ್ತಾಗಿ ಆ ನಕಲನ್ನು ಕಿತ್ತುಕೊಂಡ. ಬಾಖ್ ತೀರಿಕೊಂಡ ಮೇಲೆ ಮಗ ಎಮಾನುಯೆಲ್ ಮತ್ತು ಶಿಷ್ಯ ಆಗ್ರಿಕೊಲಾ ಸೇರಿ ಬರೆದ ಸ್ಮರಣಲೇಖನದಲ್ಲಿ ಈ ಕಥೆಯಿದೆ. ಎಂದರೆ ಬಾಖ್ ಅದನ್ನು ಮಕ್ಕಳ ಮುಂದೆ ಹೇಳಿಕೊಂಡಿದ್ದಾರೆ. ಹಾಗೆ ಒಂದು ಪುಸ್ತಕಕ್ಕಾಗಿ ಹಂಬಲಿಸಿದವರು ತಮ್ಮ ಮಗನಿಗೆ ತಾವೇ ಪುಸ್ತಕ ಬರೆದು ಕೈಗಿಟ್ಟರು. ಆ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನೋಟುಬುಕ್ಕು ತೊಡಗಿ ಆರು ತಿಂಗಳೂ ಆಗಿರಲಿಲ್ಲ. ರಾಜಕುಮಾರನ ಪರಿವಾರದ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದ ಬಾಖ್ ಮನೆಗೆ ಮರಳಿದಾಗ ಹೆಂಡತಿ ಮರಿಯಾ ಬಾರ್ಬರಾ ಇರಲಿಲ್ಲ. ಹೊರಡುವಾಗ ಗಟ್ಟಿಯಾಗಿದ್ದವಳು, ಸತ್ತು, ಮಣ್ಣಾಗಿದ್ದೂ ಆಗಿತ್ತು. ಮನೆಯ ಒಳಗೆ ಕಾಲಿಟ್ಟ ಮೇಲೆಯೇ ಅವರಿಗೆ ಸುದ್ದಿ ತಿಳಿದದ್ದು. ನಾಲ್ಕು ಮಕ್ಕಳು: ಹನ್ನೊಂದರ ಮಗಳು, ಒಂಬತ್ತು, ಆರು, ಐದರ ಗಂಡುಹುಡುಗರು. ಫ್ರೀಡೆಮಾನ್‌ನ ಪುಸ್ತಕದ ಬರವಣಿಗೆ ನಿಲ್ಲಲಿಲ್ಲ. ಪುಟ ಪುಟವಾಗಿ ಮುಂದುವರಿಯಿತು. ಅದರಲ್ಲಿ ಮೂಡಿದ ಹನ್ನೊಂದು ಪೀಠಿಕಾ ರಚನೆಗಳು ಬೆಳೆದು, ಪ್ರತಿಯೊಂದಕ್ಕೂ ಒಂದೊಂದು ಫ್ಯೂಗ್, ಎಂದರೆ ಒಂದೇ ಎತ್ತುಗಡೆಯನ್ನು ದನಿಗಳು ಒಂದರ ಹಿಂದೊಂದು ಹಿಡಿದು ಸಾಗುವ ರಚನೆ, ಸೇರಿ, 1722ರಲ್ಲಿ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಎಂಬ ಮಹಾಗ್ರಂಥದ ಭಾಗವಾದವು. ನಮ್ಮಲ್ಲಿ ಮೇಳಕರ್ತಗಳು 72, ಅವರ ಪದ್ಧತಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿಗೆ ಎರಡೆರಡರಂತೆ 24. ಆ ಇಪ್ಪತ್ನಾಲ್ಕರಲ್ಲೂ ಒಂದೊಂದು ಜೋಡಿ ರಚನೆ. ಕಲಿಯುವ ಹಂಬಲವುಳ್ಳ ಎಳೆಯರಿಗಾಗಿ ಎಂದು ಅದರ ಮುಖಪುಟದಲ್ಲೂ ಬರೆದಿದ್ದಾರೆ.

ಮರಿಯಾ ಬಾರ್ಬರಾ ಹೋಗಿ ಒಂದೂವರೆ ವರ್ಷಕ್ಕೆ, 1721ರ ಡಿಸೆಂಬರಿನಲ್ಲಿ, ಆಸ್ಥಾನದ ಗಾಯಕಿ ಅನ್ನಾ ಮಗ್ದಲೇನಾಳನ್ನು ಬಾಖ್ ಮದುವೆಯಾದರು. ಆಕೆಗೆ ಇಪ್ಪತ್ತು ವರ್ಷ, ಬಂದಕೂಡಲೇ ನಾಲ್ಕು ಮಕ್ಕಳ ತಾಯಿ. ಅವಳಿಗೂ ಒಂದು ನೋಟುಬುಕ್ಕು 1722ರಲ್ಲಿ, ಇನ್ನೊಂದು 1725ರಲ್ಲಿ. ಎರಡನೆಯದು ಇಡೀ ಮನೆಯದೇ ಆಗಿಹೋಯಿತು. ಅದರಲ್ಲಿ ಗಂಡನ ಗಂಭೀರ ಕೃತಿಗಳಿವೆ, ಮಕ್ಕಳು ತಪ್ಪು ತಪ್ಪಾಗಿ ಕಟ್ಟಿದ ಮೊದಲ ರಚನೆಗಳಿವೆ, ತಂಬಾಕಿನ ಕೊಳವೆಯ ಮೇಲೊಂದು ಹಾಡಿದೆ, ಪ್ರಾರ್ಥನೆಗಳಿವೆ. ಇವತ್ತು ಬೆಂಗಳೂರಿನಲ್ಲಿ ಟ್ರಿನಿಟಿ ಪರೀಕ್ಷೆಗೆ ಕೀಬೋರ್ಡು ಕಲಿಯುವ ಮಕ್ಕಳು ‘ಬಾಖ್ ಅವರ ಮಿನುಯೆಟ್’ ಎಂದು ನುಡಿಸುವ ಜಿ ಮೇಜರಿನ ಪುಟ್ಟ ತುಣುಕು ಸಿಗುವುದೂ ಇದೇ ಪುಸ್ತಕದಲ್ಲಿ. ಅದನ್ನು ರಚಿಸಿದವರು ಬಾಖ್ ಅಲ್ಲ, ಡ್ರೆಸ್ಡನ್‌ನ ಆರ್ಗನ್ ವಾದಕ ಕ್ರಿಸ್ಟಿಯನ್ ಪೆಟ್ಜೋಲ್ಡ್. ಇದು ಖಚಿತವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮನೆಯವರಿಗೆ ಚೆನ್ನಾಗಿ ಕಂಡಿತು, ಬರೆದುಕೊಂಡರು. ಆ ಪುಸ್ತಕ ಪ್ರಕಟಣೆಗೆಂದು ಇಟ್ಟದ್ದಲ್ಲವಲ್ಲ, ಯಾರದೆಂದು ಬರೆಯುವ ಅಗತ್ಯ ಅವರಿಗೇನಿತ್ತು?

1723ರ ಮೇ 22ರಂದು ನಾಲ್ಕು ಬಂಡಿ ಸಾಮಾನು ಕ್ಯೋಥೆನ್‌ನಿಂದ ಲೈಪ್‌ಜಿಗ್‌ಗೆ ಬಂದಿಳಿಯಿತು, ಹಿಂದೆಯೇ ಎರಡು ಗಾಡಿಗಳಲ್ಲಿ ಮನೆಮಂದಿ. ಹ್ಯಾಂಬರ್ಗ್‌ನ ಪತ್ರಿಕೆಯೊಂದು ಇದನ್ನು ಸುದ್ದಿಯಾಗಿ ಅಚ್ಚು ಹಾಕಿತು. ಸಂತ ಥಾಮಸ್ ಶಾಲೆಯ ಕ್ಯಾಂಟರ್, ಎಂದರೆ ಹಾಡಿನ ಮೇಷ್ಟರು, ಎಂಬ ಹುದ್ದೆ. ಆಸ್ಥಾನದ ಮುಖ್ಯಸ್ಥರಾಗಿದ್ದವರಿಗೆ ಇದು ಒಂದು ಮೆಟ್ಟಿಲು ಕೆಳಗೆ ಇಳಿದಂತೆ. ತಮಗೂ ಮೊದಲು ಮನಸ್ಸು ಒಪ್ಪಲಿಲ್ಲ ಎಂದು ಅವರೇ ಬಾಲ್ಯದ ಗೆಳೆಯ ಎರ್ಡ್‌ಮನ್‌ಗೆ 1730ರ ಅಕ್ಟೋಬರಿನಲ್ಲಿ ಬರೆದ ಪತ್ರದಲ್ಲಿ ಹೇಳಿದ್ದಾರೆ. ಬಂದದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ಗಂಡುಮಕ್ಕಳಿಗೆ ಓದಿನ ಒಲವಿತ್ತು, ಲೈಪ್‌ಜಿಗ್‌ನಲ್ಲಿ ವಿಶ್ವವಿದ್ಯಾಲಯವಿತ್ತು. ತಾವು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮಕ್ಕಳು ಹತ್ತಲಿ ಎಂದು ತಮ್ಮ ಅಂತಸ್ತನ್ನು ಇಳಿಸಿಕೊಂಡರು. ಮಕ್ಕಳ ಶಾಲೆಗಾಗಿ ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಎಷ್ಟೋ ತಂದೆಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾದ್ದಿಲ್ಲ.

ಅದೇ ಪತ್ರದ ಹೆಚ್ಚಿನ ಭಾಗ ದೂರುಗಳು. ಊರು ದುಬಾರಿ, ಮೇಲಿನವರು ಸಂಗೀತದ ಬೆಲೆ ತಿಳಿಯದವರು, ವರಮಾನ ಸುಮಾರು 700 ಥಾಲರ್, ಅದರಲ್ಲೂ ಶವಸಂಸ್ಕಾರಗಳಿಂದ ಬರುವ ಪಾಲು ದೊಡ್ಡದು, ಊರಿನ ಗಾಳಿ ಚೆನ್ನಾಗಿದ್ದ ವರ್ಷ ಆ ವರಮಾನ ಇಳಿಯುತ್ತದೆ. ಕೆಲಸ ಬೇರೆ ಎಲ್ಲಾದರೂ ಸಿಕ್ಕೀತೇ ಎಂದು ಕೇಳುವ ಪತ್ರ ಅದು. ಕೊನೆಗೆ ಬಂದಾಗ ಮಾತಿನ ಧಾಟಿಯೇ ಬದಲಾಗುತ್ತದೆ. ಮಕ್ಕಳ ವಿವರ ಕೊಡುತ್ತಾರೆ. ಹಿರಿಯ ಮಗ ಕಾನೂನು ಓದುತ್ತಿದ್ದಾನೆ, ಉಳಿದಿಬ್ಬರು ಶಾಲೆಯಲ್ಲಿದ್ದಾರೆ, ಎಲ್ಲರೂ ಹುಟ್ಟಾ ಸಂಗೀತಗಾರರು, ಮನೆಯವರನ್ನೇ ಕೂಡಿಸಿಕೊಂಡು ಹಾಡು, ವಾದ್ಯ ಎರಡರ ಕಚೇರಿಯನ್ನೂ ನಡೆಸಬಲ್ಲೆ, ಹೆಂಡತಿಯ ಕಂಠ ತಿಳಿಯಾದದ್ದು, ಹಿರಿಯ ಮಗಳೂ ತಕ್ಕಮಟ್ಟಿಗೆ ದನಿಗೂಡಿಸುತ್ತಾಳೆ. ಕೆಲಸದ ಬೇಸರವೆಲ್ಲ ಆ ಕೆಲವು ಸಾಲುಗಳಲ್ಲಿ ಕರಗಿಹೋಗುತ್ತದೆ.

ಶಾಲೆಯ ಮೇಷ್ಟರಾಗಿ ಬಾಖ್ ಅವರಿಗೆ ಒಳ್ಳೆಯ ಹೆಸರೇನೂ ಬರಲಿಲ್ಲವೆಂದು ಹೇಳಿಬಿಡುತ್ತೇನೆ. ಲ್ಯಾಟಿನ್ ಪಾಠ ಅವರ ಪಾಲಿಗೆ ಬಿದ್ದಿತ್ತು. ವರ್ಷಕ್ಕೆ 50 ಥಾಲರ್ ತೆತ್ತು ಅದನ್ನು ಬೇರೊಬ್ಬರಿಗೆ ವಹಿಸಿದರು. ನಗರಸಭೆಯವರು ಈ ಮನುಷ್ಯ ಕೆಲಸವೇ ಮಾಡುವುದಿಲ್ಲ ಎಂದು ಗೊಣಗಿದರು. ವಾರ ವಾರ ಹೊಸ ಕ್ಯಾಂಟಾಟ, ಎಂದರೆ ಪ್ರಾರ್ಥನೆಯ ಹೊತ್ತಿನ ಗಾನ, ಬರೆದು, ಹೆಂಡತಿ, ಮಕ್ಕಳು, ಶಿಷ್ಯರೆಲ್ಲ ಕೂತು ಪ್ರತಿ ಮಾಡಿ, ಭಾನುವಾರ ಚರ್ಚಿನಲ್ಲಿ ಹಾಡಿಸುತ್ತಿದ್ದ ಮನುಷ್ಯನ ಬಗ್ಗೆ ಈ ಮಾತು! ಬಾಖ್ ಮೇಷ್ಟರ ನಿಜವಾದ ಶಾಲೆ ಮನೆಯಲ್ಲಿತ್ತು. ಥಾಮಸ್ ಶಾಲೆಯ ಕಟ್ಟಡದಲ್ಲೇ ಒಂದು ಭಾಗ ಅವರ ವಾಸಕ್ಕೆ. ಬರುವವರು, ಹೋಗುವವರು, ಉಳಿಯುವವರು, ಊರಿಗೆ ಬಂದ ಸಂಗೀತಗಾರರು. ಆ ಮನೆ ಪಾರಿವಾಳದ ಗೂಡಿನಂತೆ ಸದಾ ಗಿಜಿಗುಡುತ್ತಿತ್ತೆಂದು ಎಮಾನುಯೆಲ್ ಮುಂದೆ ನೆನೆಸಿಕೊಂಡಿದ್ದಾನೆ. ನಮ್ಮ ಗುರುಕುಲದ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಮನೆಯ ಗಲಾಟೆ ಪರಿಚಿತವೇ.

ಪಾಠದ ಕ್ರಮವನ್ನು ಫೋರ್ಕೆಲ್ ಎಂಬ ಚರಿತ್ರಕಾರ 1802ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ವಿವರಿಸಿದ್ದಾನೆ. ಅವನಿಗೆ ಫ್ರೀಡೆಮಾನ್, ಎಮಾನುಯೆಲ್ ಇಬ್ಬರ ಪರಿಚಯವೂ ಇತ್ತು. ಮೊದಲ ತಿಂಗಳುಗಳೆಲ್ಲ ಬೆರಳಿನ ಸಾಧನೆ ಮಾತ್ರ, ಎರಡೂ ಕೈಗಳ ಎಲ್ಲ ಬೆರಳೂ ಒಂದೇ ಸಮನಾಗಿ ತಿಳಿಯಾಗಿ ನುಡಿಯುವವರೆಗೆ. ಶಿಷ್ಯನ ಮುಖ ಬಾಡುತ್ತಿದೆ ಎಂದು ಕಂಡರೆ ಅದೇ ಸಾಧನೆಯನ್ನು ಒಳಗಿಟ್ಟು ಒಂದು ಚೆಂದದ ತುಣುಕನ್ನು ಪಾಠದ ಹೊತ್ತಿನಲ್ಲೇ ಬರೆದುಕೊಡುತ್ತಿದ್ದರು. ಆಮೇಲೆ ತಾವೇ ಒಮ್ಮೆ ಇಡಿಯಾಗಿ ನುಡಿಸಿ, ಇದು ಹೀಗೆ ಕೇಳಬೇಕು ಎಂದು ತೋರಿಸುತ್ತಿದ್ದರು. ರಚನೆ ಕಲಿಸುವಾಗ ಅವರು ಹೇಳುತ್ತಿದ್ದುದು ನನಗೆ ಬಹಳ ಹಿಡಿಸಿದೆ: ಪ್ರತಿ ದನಿಯೂ ಒಬ್ಬ ಮನುಷ್ಯ, ನಾಲ್ಕು ಜನ ಕೂತು ಮಾತಾಡುತ್ತಿದ್ದಾರೆ ಎಂದು ತಿಳಿ, ಒಬ್ಬನ ಮಾತಿನ ನಡುವೆ ಇನ್ನೊಬ್ಬ ಬಾಯಿ ಹಾಕಬಾರದು, ಹೇಳುವುದೇನೂ ಇಲ್ಲದವನು ಸುಮ್ಮನೆ ಕೂರಬೇಕು, ಮತ್ತೆ ಹೇಳುವುದು ಸಿಕ್ಕಾಗ ಮಾತಾಡಬೇಕು. ಅಷ್ಟೊಂದು ಜನರಿದ್ದ ಮನೆಯಲ್ಲಿ, ಊಟದ ಹೊತ್ತಿಗೆ ಹತ್ತು ದನಿ ಏಳುವಲ್ಲಿ, ಈ ಪಾಠ ತಾನಾಗಿ ಹೊಳೆದಿರಬೇಕು. ಬಾಖ್ ಅವರ ಸಂಗೀತಕ್ಕೆ ಹೊಸಬರಾದವರು ಯಾವ ದನಿಯನ್ನು ಹಿಂಬಾಲಿಸಬೇಕೆಂದು ತಬ್ಬಿಬ್ಬಾಗುವುದುಂಟು. ನಮ್ಮ ಕಿವಿ ಒಂದೇ ರಾಗದ ಎಳೆಯನ್ನು ಹಿಡಿದು ಆಳಕ್ಕೆ ಇಳಿಯುವುದನ್ನು ಕಲಿತದ್ದು. ನನಗೂ ದಾರಿ ತೆರೆದದ್ದು ಈ ಮಾತಿನಿಂದ. ಹರಟೆಗೆ ಕೂತ ನಾಲ್ವರನ್ನು ಕೇಳುವ ಹಾಗೆ ಕೇಳತೊಡಗಿದ ಮೇಲೆ ಎಲ್ಲರೂ ಕೇಳಿಸಿದರು.

ಗೆರ್ಬರ್ ಎಂಬ ಶಿಷ್ಯನಿಗೆ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಅನ್ನು ಬಾಖ್ ಮೂರು ಸಲ ಆದಿಯಿಂದ ಅಂತ್ಯದವರೆಗೆ ನುಡಿಸಿ ಕೇಳಿಸಿದರಂತೆ. ಇವತ್ತು ಪಾಠ ಹೇಳುವ ಮನಸ್ಸಿಲ್ಲ ಎಂದು ನೆವ ಹೇಳಿ ವಾದ್ಯದ ಮುಂದೆ ಕೂತುಬಿಡುತ್ತಿದ್ದರು, ಗಂಟೆಗಳು ನಿಮಿಷಗಳಂತೆ ಕಳೆಯುತ್ತಿದ್ದವು. ತನ್ನ ಬದುಕಿನ ಅತ್ಯಂತ ಸುಖದ ಗಳಿಗೆಗಳೆಂದು ಗೆರ್ಬರ್ ಅವನ್ನು ನೆನೆಯುತ್ತಿದ್ದನೆಂದು ಅವನ ಮಗ ಬರೆದಿಟ್ಟಿದ್ದಾನೆ. ಮಕ್ಕಳ ಜೊತೆಗಿನ ಸಲುಗೆಯೂ ಸಂಗೀತದ ಮೂಲಕವೇ. ಯಾರದೋ ಫ್ಯೂಗ್ ಕೇಳುತ್ತ ನಿಂತಾಗ ಅದರ ಎತ್ತುಗಡೆ ಕೇಳಿದಕೂಡಲೇ ಮುಂದೆ ಇಂಥಿಂಥದು ಬರಬೇಕು ಎಂದು ಪಕ್ಕದಲ್ಲಿದ್ದ ಎಮಾನುಯೆಲ್‌ಗೆ ಪಿಸುಗುಟ್ಟುತ್ತಿದ್ದರು. ಹೇಳಿದ್ದು ಹಾಗೇ ಬಂದಾಗ ಖುಷಿಯಿಂದ ಅವನನ್ನು ಮೊಣಕೈಯಲ್ಲಿ ತಿವಿಯುತ್ತಿದ್ದರು. ಹೌಸ್‌ಮನ್ ಬರೆದ ಮುಖದಲ್ಲಿ ಈ ತಿವಿತವಿಲ್ಲ. ಡ್ರೆಸ್ಡನ್‌ಗೆ ಒಪೆರಾ ಕೇಳಲು ಹೊರಟರೆ ಜೊತೆಗೆ ಫ್ರೀಡೆಮಾನ್ ಬೇಕು. 1733ರಲ್ಲಿ ಅದೇ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನ ಸ್ಥಾನ ಖಾಲಿಯಾದಾಗ ಮಗನ ಅರ್ಜಿಯನ್ನು ಅಪ್ಪನೇ ಬರೆದರು, ಮಗನ ಸಹಿಯನ್ನೂ ತಾವೇ ಹಾಕಿದರು. ಕೆಲಸ ಸಿಕ್ಕಿತು. ಇಷ್ಟು ಅತಿ ಅಕ್ಕರೆ ಆ ಮಗನಿಗೆ ಒಳ್ಳೆಯದು ಮಾಡಿತೇ ಎಂದು ನನಗೆ ಅನುಮಾನವಿದೆ. ಮನೆಯಲ್ಲೆಲ್ಲ ಹೆಚ್ಚು ಪ್ರತಿಭಾವಂತನೆನಿಸಿಕೊಂಡ ಫ್ರೀಡೆಮಾನ್ ಮುಂದೆ ಎಲ್ಲೂ ನೆಲೆನಿಲ್ಲದೆ, ಅಪ್ಪನ ಹಸ್ತಪ್ರತಿಗಳನ್ನು ಮಾರಿಕೊಂಡು, 1784ರಲ್ಲಿ ಬರ್ಲಿನ್‌ನಲ್ಲಿ ಬಡತನದಲ್ಲಿ ತೀರಿಕೊಂಡ. ತನ್ನ ಪಾಲಿಗೆ ಬಂದ ಹಸ್ತಪ್ರತಿಗಳನ್ನು ಕಣ್ಣಿನಂತೆ ಕಾಪಾಡಿದವನು ಎಮಾನುಯೆಲ್.

ಆ ಮನೆಯಲ್ಲಿ ಹುಟ್ಟಿದ ಮಕ್ಕಳು ಇಪ್ಪತ್ತು, ಬೆಳೆದು ದೊಡ್ಡವರಾದವರು ಹತ್ತು. 1726ರಿಂದ 1733ರ ಒಳಗೆ ಅನ್ನಾ ಮಗ್ದಲೇನಾ ಏಳು ಮಕ್ಕಳನ್ನು ಕಳೆದುಕೊಂಡಳು. ಕೆಲವು ಕೆಲವೇ ದಿನದ ಕೂಸುಗಳು, ಒಂದು ಹೆಣ್ಣುಮಗುವಿಗೆ ಐದರ ಹತ್ತಿರ. ಆ ಕಾಲದಲ್ಲಿ ಹಾಗೆಯೇ ಇತ್ತು, ಜನ ಒಗ್ಗಿಹೋಗಿದ್ದರು ಎಂದು ಕೆಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕ್ರಿಸ್ತನ ಯಾತನೆ, ಸಾವುಗಳನ್ನು ಹಾಡುವ ‘ಸಂತ ಮ್ಯಾಥ್ಯೂನ ಪ್ಯಾಷನ್’ ಹುಟ್ಟಿದ್ದು ಆ ವರ್ಷಗಳಲ್ಲಿ, 1727ರಲ್ಲಿ. ಅದರ ಕೊನೆಯ ಮೇಳಗಾನ ಗೋರಿಯ ಬಳಿ ಕೂತು ಹಾಡುವ ಜೋಗುಳದಂತಿದೆ. ಒಗ್ಗಿಹೋದ ಮನಸ್ಸಿನಿಂದ ಅದು ಬರಲಾರದು.

ಬದುಕಿ ಉಳಿದವರಲ್ಲೂ ಒಬ್ಬ ಮಗ ಅಪ್ಪನ ಎದೆ ಒಡೆದ. ಬೆರ್ನ್‌ಹಾರ್ಡ್, ಮೊದಲ ಹೆಂಡತಿಯ ಮೂರನೆಯ ಗಂಡುಮಗ. 1735ರಲ್ಲಿ ಮ್ಯೂಲ್‌ಹೌಸನ್‌ನಲ್ಲಿ, 1737ರಲ್ಲಿ ಜಾಂಗರ್‌ಹೌಸನ್‌ನಲ್ಲಿ ಆರ್ಗನ್ ವಾದಕನ ಕೆಲಸ ಸಿಕ್ಕಿದ್ದು ಅಪ್ಪನ ಶಿಫಾರಸಿನಿಂದ. ಹೋದ ಕಡೆಯೆಲ್ಲ ಸಾಲ. ಮೊದಲನೆಯ ಊರಿನ ಸಾಲವನ್ನು ಬಾಖ್ ತೀರಿಸಿದರು. 1738ರ ವಸಂತದಲ್ಲಿ ಎರಡನೆಯ ಊರಿನಿಂದ ಅವನು ಹೇಳದೆ ಕೇಳದೆ ಕಾಣೆಯಾದ. ಆ ಊರಿನ ಕ್ಲೆಮ್ ಎಂಬ ಗಣ್ಯರಿಗೆ ಬಾಖ್ ಮೇ ತಿಂಗಳಲ್ಲಿ ಬರೆದ ಪತ್ರ ಉಳಿದಿದೆ. ದಾರಿ ತಪ್ಪಿದ ಮಗ ಎಲ್ಲಿದ್ದಾನೆಂದು ತಿಳಿಯದು, ಬುದ್ಧಿಮಾತು ಹೇಳಿದ್ದಾಯಿತು, ಹಣ ತೆತ್ತಿದ್ದಾಯಿತು, ಯಾವುದೂ ಫಲಿಸಲಿಲ್ಲ, ಇನ್ನು ಈ ಶಿಲುಬೆಯನ್ನು ಸಹನೆಯಿಂದ ಹೊತ್ತು ದೇವರ ಕರುಣೆಗೆ ಬಿಡಬೇಕು ಎಂಬ ಭಾವದ ಪತ್ರ. ಮುಂದಿನ ವರ್ಷ ಮೇ ತಿಂಗಳಲ್ಲಿ, ಕಾನೂನು ಓದಲು ಸೇರಿದ್ದ ಯೇನಾದಲ್ಲಿ ಬೆರ್ನ್‌ಹಾರ್ಡ್ ಜ್ವರದಿಂದ ಸತ್ತ. ವಯಸ್ಸು 24. ಕ್ಯೋಥೆನ್‌ನ ಮನೆಯಲ್ಲಿ ತಾಯಿ ಸತ್ತಾಗ ಐದು ವರ್ಷದವನಾಗಿದ್ದ ಹುಡುಗ ಇವನೇ.

ಆ ವರ್ಷಗಳಲ್ಲೇ ಮನೆಯಲ್ಲಿ ಬೇರೆ ಸಂಗತಿಗಳೂ ನಡೆಯುತ್ತಿದ್ದವು. ಎಲಿಯಾಸ್ ಎಂಬ ದಾಯಾದಿ ಅವರ ಪತ್ರವ್ಯವಹಾರ ನೋಡಿಕೊಂಡು, ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಂಡು ಅಲ್ಲೇ ಇದ್ದ. ಅವನ ಪತ್ರಗಳಿಂದ ಅನ್ನಾ ಮಗ್ದಲೇನಾಗೆ ಹೂಗಿಡಗಳ, ಹಾಡುಹಕ್ಕಿಗಳ ಹುಚ್ಚಿತ್ತೆಂದು ತಿಳಿಯುತ್ತದೆ. ಅವಳಿಗೆಂದು ಹಳದಿ ಕಾರ್ನೇಷನ್ ಸಸಿಗಳಿಗಾಗಿ ಬರೆಯುತ್ತಾನೆ, ಚೆನ್ನಾಗಿ ಹಾಡುವ ಒಂದು ಲಿನೆಟ್ ಹಕ್ಕಿಗಾಗಿ ಬರೆಯುತ್ತಾನೆ. ಸಸಿಗಳು ಬಂದಾಗ ಆಕೆ ಕ್ರಿಸ್ಮಸ್ ಉಡುಗೊರೆ ಕಂಡ ಮಗುವಿನಂತೆ ಹಿಗ್ಗಿದಳೆಂದು ವರದಿ ಮಾಡುತ್ತಾನೆ. 1735ರಲ್ಲಿ ಬಾಖ್ ತಮ್ಮ ಮನೆತನದ 53 ಸಂಗೀತಗಾರರ ವಂಶಾವಳಿ ಬರೆದರು. ಮೂಲಪುರುಷ ಫೈಟ್ ಬಾಖ್ ಬ್ರೆಡ್ಡು ಸುಡುವವನು. ಹಿಟ್ಟಿನ ಗಿರಣಿಗೆ ಹೋದಾಗ ಜೊತೆಗೆ ತಂತಿವಾದ್ಯ ಒಯ್ದು, ಗಿರಣಿಯ ಸದ್ದಿನ ನಡುವೆ ನುಡಿಸುತ್ತಿದ್ದನಂತೆ. ಅವನು ತಾಳ ಕಲಿತದ್ದು ಅಲ್ಲೇ ಇರಬೇಕೆಂದು ಬಾಖ್ ಅಕ್ಕರೆಯಿಂದ ನೆನೆದಿದ್ದಾರೆ.

ಗಿರಣಿಯ ಸದ್ದಿನ ನಡುವೆ ತೊಡಗಿದ ಆ ಮನೆತನದ ಸಂಗೀತ ಈಗ ಭೂಮಿಯನ್ನೂ ದಾಟಿದೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಬಾಖ್ ಅವರ ಮೂರು ರಚನೆಗಳಿವೆ. ಮೂರನೆಯದು ಗ್ಲೆನ್ ಗೌಲ್ಡ್ ನುಡಿಸಿದ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಎರಡನೆಯ ಭಾಗದ ಮೊದಲ ಜೋಡಿ. ಆ ಎರಡನೆಯ ಭಾಗದ ಲಂಡನ್ ಹಸ್ತಪ್ರತಿಯಲ್ಲಿ ಬಾಖ್ ಅಕ್ಷರವೂ ಇದೆ, ಅನ್ನಾ ಮಗ್ದಲೇನಾಳ ಅಕ್ಷರವೂ ಇದೆ. ಇಬ್ಬರ ಬರಹವನ್ನು ಬೇರೆ ಮಾಡಲು ಪರಿಣತರೇ ತಿಣುಕುವಷ್ಟು ಹೋಲಿಕೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಕೇಸರಬಾಯಿ ಕಲಿತದ್ದು ಉಸ್ತಾದ್ ಅಲ್ಲಾದಿಯಾ ಖಾನರಲ್ಲಿ. ಆ ಖಾನರ ಮಗ ಮಂಜಿ ಖಾನರ ಬಳಿ ಕಲಿತು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮನ್ಸೂರರಾದದ್ದು. ಅಲ್ಲೂ ಅಪ್ಪನೇ ಗುರು, ಮಗನೂ ಗುರು. ಈ ಎರಡು ಮನೆಗಳ ವಿದ್ಯೆ ಒಂದೇ ತಟ್ಟೆಯಲ್ಲಿ ಕೂತಿರುವುದು ನನಗೆ ಬಹಳ ಸಂತೋಷದ ಸಂಗತಿ.

ಗೊಟ್‌ಫ್ರೀಡ್ ಹೈನ್ರಿಖ್‌ನ ಮಾತು ಹೇಳದೆ ಮುಂದೆ ಹೋಗಲಾರೆ. ಅನ್ನಾ ಮಗ್ದಲೇನಾಳ ಮಕ್ಕಳಲ್ಲಿ ಬದುಕುಳಿದ ಹಿರಿಯ, ಹುಟ್ಟಿದ್ದು 1724ರಲ್ಲಿ. ಅವನಿಗೆ ದೊಡ್ಡ ಪ್ರತಿಭೆಯಿತ್ತು, ಅದು ಬೆಳೆಯಲಿಲ್ಲವೆಂದು ಎಮಾನುಯೆಲ್ ಬರೆದಿದ್ದಾನೆ. ಬುದ್ಧಿಯೂ ವಯಸ್ಸಿಗೆ ತಕ್ಕಂತೆ ಬೆಳೆದಿರಲಿಲ್ಲ. ಅಪ್ಪ ಇರುವವರೆಗೆ ಮನೆಯಲ್ಲೇ ಇದ್ದ. ಬಾಖ್ ಅವರ ಶಿಷ್ಯ ಆಲ್ಟ್‌ನಿಕೊಲ್‌ಗೆ ಅವರದೇ ಶಿಫಾರಸಿನಿಂದ 1748ರಲ್ಲಿ ನೌಮ್‌ಬುರ್ಗ್‌ನಲ್ಲಿ ಕೆಲಸವಾಯಿತು. ಮರುವರ್ಷ ಅವನು ಬಾಖ್ ಅವರ ಮಗಳು ಎಲಿಜಬೆತ್‌ಳನ್ನು ಮದುವೆಯಾದ. ಬಾಖ್ ಹೋದ ಮೇಲೆ ಗೊಟ್‌ಫ್ರೀಡ್‌ನನ್ನು ಕರೆದೊಯ್ದು ಇಟ್ಟುಕೊಂಡವನು ಈ ಅಳಿಯ. 1763ರಲ್ಲಿ ಸಾಯುವವರೆಗೆ ಗೊಟ್‌ಫ್ರೀಡ್ ನೌಮ್‌ಬುರ್ಗ್‌ನಲ್ಲೇ ಇದ್ದ. ಶಿಷ್ಯರಿಗೆ ಬಾಖ್ ಏನು ಕಲಿಸಿದರು ಎಂದು ಪಟ್ಟಿ ಮಾಡುವವರು ಇದನ್ನೂ ಅದರಲ್ಲಿ ಸೇರಿಸಬೇಕು.

1750ರ ವಸಂತದಲ್ಲಿ ಜಾನ್ ಟೇಲರ್ ಎಂಬ ಊರೂರು ತಿರುಗುವ ಇಂಗ್ಲಿಷ್ ವೈದ್ಯ ಬಾಖ್ ಅವರ ಕಣ್ಣಿಗೆ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದ. ಇದ್ದ ನೋಟವೂ ಹೋಯಿತು, ಮೈಯೂ ಕುಸಿಯಿತು, ಜುಲೈ 28ರ ಸಂಜೆ ತೀರಿಕೊಂಡರು. ಕಿರಿಯ ಮಗ ಯೊಹಾನ್ ಕ್ರಿಸ್ಟಿಯನ್‌ಗೆ ಆಗ ಹದಿನಾಲ್ಕು. ಮುಂದೆ ಲಂಡನ್ನಿನಲ್ಲಿ ಹೆಸರು ಮಾಡಿ, ಎಂಟು ವರ್ಷದ ಮೊಜಾರ್ಟ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಜೊತೆ ನುಡಿಸಿದವನು ಇವನೇ. ಕೊನೆಯ ಮಗಳು ರೆಗೀನಾ ಸುಸಾನ್ನಾಗೆ ಎಂಟು ವರ್ಷ. ಗಂಡುಮಕ್ಕಳಲ್ಲಿ ದೊಡ್ಡವರು ಬೇರೆ ಬೇರೆ ಊರು ಹಿಡಿದಿದ್ದರು. ಅನ್ನಾ ಮಗ್ದಲೇನಾ ಹೆಣ್ಣುಮಕ್ಕಳೊಡನೆ ಲೈಪ್‌ಜಿಗ್‌ನಲ್ಲೇ ಉಳಿದು, ಊರಿನ ದಾನದ ಹಣದಲ್ಲಿ ಬದುಕಿ, 1760ರಲ್ಲಿ ತೀರಿಕೊಂಡಳು. ಇದಕ್ಕೆ ಗಂಡುಮಕ್ಕಳ ಮೇಲೆ ನನಗೆ ಸಿಟ್ಟಿದೆ. ಅಪ್ಪನ ಕೃತಿಗಳನ್ನು ಜೋಪಾನ ಮಾಡಿದ ಎಮಾನುಯೆಲ್ ಮೇಲೂ ಇದೆ.

1800ರ ಮೇ ತಿಂಗಳಲ್ಲಿ ಲೈಪ್‌ಜಿಗ್‌ನ ಸಂಗೀತ ಪತ್ರಿಕೆಯಲ್ಲಿ ರೋಖ್ಲಿಟ್ಸ್ ಎಂಬ ಸಂಪಾದಕ ಒಂದು ಮನವಿ ಬರೆದ. ಆ ದೊಡ್ಡ ಮನೆಯಲ್ಲಿ ಉಳಿದಿರುವುದು ಒಬ್ಬಳೇ ಮಗಳು ಸುಸಾನ್ನಾ, ವಯಸ್ಸಾಗಿದೆ, ಕಷ್ಟದಲ್ಲಿದ್ದಾಳೆ, ನೆರವಾಗಿ ಎಂದು. ಹಣ ಬಂತು. ವಿಯೆನ್ನಾದಿಂದ ಬೇಥೋವನ್, ತನ್ನ ಒಂದು ಕೃತಿಯನ್ನು ಚಂದಾ ಎತ್ತಿ ಅಚ್ಚು ಹಾಕಿಸಿ ಬಂದದ್ದನ್ನು ಆಕೆಗೆ ಕೊಡೋಣವೆಂದು 1801ರಲ್ಲಿ ಪ್ರಕಾಶಕನಿಗೆ ಬರೆದ. ಬೇಥೋವನ್ ಬಾನ್ ನಗರದ ಹುಡುಗನಾಗಿದ್ದಾಗ ಅವನ ಗುರು ನೇಫೆ ಅವನಿಗೆ ಮುಖ್ಯವಾಗಿ ಕಲಿಸಿದ್ದು ‘ವೆಲ್ ಟೆಂಪರ್ಡ್ ಕ್ಲಾವಿಯರ್’. 1783ರಲ್ಲಿ ಆ ಗುರುವೇ ಇದನ್ನು ಅಚ್ಚಿನಲ್ಲಿ ಹೇಳಿಕೊಂಡಿದ್ದಾನೆ. ಪುಸ್ತಕ ಆಗಿನ್ನೂ ಮುದ್ರಣ ಕಂಡಿರಲಿಲ್ಲ. ಶಿಷ್ಯರು, ಶಿಷ್ಯರ ಶಿಷ್ಯರು ಕೈಯಲ್ಲಿ ನಕಲು ಮಾಡಿಕೊಂಡೇ ಅದು ಊರಿಂದೂರಿಗೆ ಹೋಗುತ್ತಿತ್ತು. ಮೊದಲ ಸಲ ಅಚ್ಚಾಗಿ ಮಾರಾಟಕ್ಕೆ ಬಂದದ್ದೂ 1801ರಲ್ಲೇ. ಸುಸಾನ್ನಾಗೆ ಆಗ 59 ವರ್ಷ. ಆಮೇಲೆ ಇನ್ನೂ ಎಂಟು ವರ್ಷ ಬದುಕಿದಳು.